ಹಳೇ ಕಾರು, ಹೊಸ ಮೋಸ



ಇಂದು ಅನೇಕ ಮನೆಗಳಲ್ಲಿ ಅಂತರ್ಜಾಲದಲ್ಲಿ ಹಳೇ ಕಾರು ಹುಡುಕುವ ಹೊಣೆ ಮಕ್ಕಳ ಮೇಲೆ ಬಿದ್ದಿದೆ. ತಂದೆ ವರ್ಷಗಟ್ಟಲೆ ಕೂಡಿಟ್ಟ ಹಣ ನಿಮ್ಮ ಬೆರಳ ತುದಿಯಲ್ಲಿದೆ ಎಂಬುದನ್ನು ಮರೆಯಬೇಡಿ.

ಮೋಸದ ಜಾಹೀರಾತಿನ ಮೊದಲ ಗುರುತು ಬೆಲೆ. 4 ಲಕ್ಷ ಬಾಳುವ ಕಾರನ್ನು ಒಂದೂವರೆ ಲಕ್ಷಕ್ಕೆ ಯಾರೂ ಸುಮ್ಮನೆ ಕೊಡುವುದಿಲ್ಲ. ಎರಡನೆಯದು ಕತೆ. "ನಾನು ಸೈನಿಕ, ವರ್ಗವಾಗಿದೆ, ಕಾರು ಕಳಿಸಲು ಮುಂಗಡ ಹಾಕಿ" ಎಂದು ಹೇಳಿ ಗುರುತಿನ ಚೀಟಿಯ ಚಿತ್ರವನ್ನೂ ಕಳಿಸುತ್ತಾರೆ. ಸೈನಿಕರ ಮೇಲೆ ನಮಗಿರುವ ಗೌರವವೇ ಇಂಥವರ ಬಂಡವಾಳ. ಮೂರನೆಯದು ಅವಸರ. ಕಾರು ತೋರಿಸದೆ ಹಣ ಕೇಳಿದರೆ ಮಾತು ಅಲ್ಲಿಗೇ ನಿಲ್ಲಿಸಿ.

ನೋಂದಣಿ ಸಂಖ್ಯೆಯನ್ನು ಸರ್ಕಾರದ ಎಂ-ಪರಿವಾಹನ್ ಆ್ಯಪ್‌ನಲ್ಲಿ ಹಾಕಿ, ಮಾದರಿ, ನೋಂದಣಿ ದಿನಾಂಕ, ವಿಮೆ ತಾಳೆಯಾಗುತ್ತವೆಯೇ ನೋಡಿ. ಅವು ತಾಳೆಯಾದರೂ ಸಾಲದು, ಬೇರೆಯವರ ಕಾರಿನ ಸಂಖ್ಯೆಯನ್ನೇ ಕದ್ದು ಹಾಕಿರಬಹುದು. ಆದ್ದರಿಂದ ಹಗಲಿನಲ್ಲಿ ಮೆಕ್ಯಾನಿಕ್ ಜೊತೆ ಹೋಗಿ, ಚಾಸಿ ಸಂಖ್ಯೆಯನ್ನು ಮೂಲ ಆರ್.ಸಿ.ಯೊಂದಿಗೆ ಹೋಲಿಸಿ. ಕಾರಿನ ಮೇಲೆ ಸಾಲವಿದ್ದಿದ್ದರೆ ಬ್ಯಾಂಕಿನ ನಿರಾಕ್ಷೇಪಣಾ ಪತ್ರ ಮತ್ತು ಫಾರಂ 35 ಕೇಳಿ. ಮಾಲೀಕತ್ವ ವರ್ಗಾವಣೆಗೆ ಫಾರಂ 29 ಮತ್ತು 30 ಬೇಕು.

"ಮುಂಗಡ ವಾಪಸ್ ಕೊಡುತ್ತೇವೆ, ಸ್ಕ್ಯಾನ್ ಮಾಡಿ ಪಿನ್ ಒತ್ತಿ" ಎಂದರೆ ಒತ್ತಬೇಡಿ. ಯುಪಿಐ ಪಿನ್ ಹಣ ಕೊಡುವುದಕ್ಕೆ, ಪಡೆಯುವುದಕ್ಕಲ್ಲ.

ಒಂದು ವೇಳೆ ಮೋಸವಾದರೆ ನಾಚಿಕೆಯಿಂದ ಮುಚ್ಚಿಡದೆ ಕೂಡಲೇ 1930ಕ್ಕೆ ಕರೆ ಮಾಡಿ. ಬೇಗ ತಿಳಿಸಿದಷ್ಟೂ ಹಣವನ್ನು ತಡೆಹಿಡಿಯುವ ಸಾಧ್ಯತೆ ಹೆಚ್ಚು. ಹಿರಿಯರಲ್ಲಿ ನನ್ನ ವಿನಂತಿ ಇಷ್ಟೇ: ಆ ಗಳಿಗೆಯಲ್ಲಿ ಮಕ್ಕಳನ್ನು ಗದರಬೇಡಿ. ಹೆದರಿದ ಮಗು ಬಾಯಿ ಬಿಡುವಷ್ಟರಲ್ಲಿ ಹಣ ಕೈತಪ್ಪಿರುತ್ತದೆ.