ಮತದಾರನಿಗೆ ಪರೀಕ್ಷೆ ಇಡುವವರು ಯಾರು?



ಸ್ಕೂಟರ್ ಓಡಿಸುವುದಕ್ಕೂ ಲೈಸೆನ್ಸ್ ಬೇಕು, ಸರ್ಕಾರ ಆರಿಸುವುದಕ್ಕೆ ಮಾತ್ರ ಹದಿನೆಂಟು ತುಂಬಿದರೆ ಸಾಕೇ? ತರಗತಿಯಲ್ಲಿ ಪ್ರತಿ ವರ್ಷ ಯಾರಾದರೊಬ್ಬರು ಈ ಪ್ರಶ್ನೆ ಕೇಳಿಯೇ ಕೇಳುತ್ತಾರೆ. ಕೇಳುವವರ ಉದ್ದೇಶ ಕೆಟ್ಟದ್ದಲ್ಲ. ಹಣ, ಹೆಂಡ, ಸೀರೆ ಹಂಚಿ ಗೆಲ್ಲುವವರನ್ನು ಕಂಡು ರೋಸಿಹೋದವರು ಅವರು. ಓದಿದವರಿಗೆ ಹೆಚ್ಚು ಮತಗಳಿರಲಿ ಎಂದು ಜಾನ್ ಸ್ಟುವರ್ಟ್ ಮಿಲ್‌ನಂಥ ಚಿಂತಕನೇ 1861ರಲ್ಲಿ ವಾದಿಸಿದ್ದ. ಹಾಗಾಗಿ ಈ ಪ್ರಶ್ನೆಯನ್ನು ತಳ್ಳಿಹಾಕದೆ ಉತ್ತರಿಸಬೇಕು. ನನ್ನ ಉತ್ತರ ಇಷ್ಟು: ಯಾರು ಪಾಸಾದರೂ, ಯಾರು ಫೇಲಾದರೂ ಆರ್‌ಟಿಒ ಇನ್‌ಸ್ಪೆಕ್ಟರ್ ಕುರ್ಚಿಗೆ ಧಕ್ಕೆಯಿಲ್ಲ. ಮತದಾರನಿಗೆ ಪರೀಕ್ಷೆ ಇಡುವ ಸರ್ಕಾರದ ಉಳಿವು ಮಾತ್ರ ಆ ಫಲಿತಾಂಶವನ್ನೇ ಅವಲಂಬಿಸಿರುತ್ತದೆ.

ಅಮೆರಿಕದ ಮಿಸಿಸಿಪಿ ರಾಜ್ಯದಲ್ಲಿ ಇಂಥ ಪರೀಕ್ಷೆ ದಶಕಗಳ ಕಾಲ ನಡೆಯಿತು. ರಾಜ್ಯ ಸಂವಿಧಾನದ ಯಾವುದಾದರೂ ಒಂದು ವಿಧಿಯನ್ನು ನೋಂದಣಿ ಅಧಿಕಾರಿ ಆರಿಸಿ ಕೊಡುತ್ತಿದ್ದ. ಅರ್ಜಿದಾರ ಅದನ್ನು ನಕಲು ಮಾಡಿ, ಅದರ ಅರ್ಥವನ್ನು ತನ್ನ ಮಾತಿನಲ್ಲಿ ಬರೆಯಬೇಕು. ಉತ್ತರ ಸರಿಯೋ ತಪ್ಪೋ ಎಂದು ಹೇಳುವವನೂ ಅದೇ ಅಧಿಕಾರಿ. 1962ರ ಆಗಸ್ಟ್ 31ರಂದು ಫ್ಯಾನಿ ಲೂ ಹೇಮರ್ ಎಂಬ ಕಪ್ಪು ಮಹಿಳೆ ಇಂಡಿಯನೋಲಾ ಪಟ್ಟಣದ ಕಚೇರಿಗೆ ಹೋಗಿ ಈ ಪರೀಕ್ಷೆ ಬರೆದರು, ಫೇಲಾದರು. ಮನೆಗೆ ಮರಳಿದ ದಿನವೇ, ಅವರು ಹದಿನೆಂಟು ವರ್ಷ ದುಡಿದಿದ್ದ ಹತ್ತಿ ತೋಟದ ಮಾಲೀಕ ಅರ್ಜಿ ಹಿಂತೆಗೆದುಕೊ, ಇಲ್ಲವಾದರೆ ಜಾಗ ಖಾಲಿ ಮಾಡು ಎಂದ. ಮುಂದಿನ ಜನವರಿಯಲ್ಲಿ ಅವರು ಪಾಸಾದರು. ಆದರೂ ಮತ ಹಾಕಲು ಹೋದಾಗ ಮತತೆರಿಗೆಯ ರಸೀದಿ ಎಲ್ಲಿ ಎಂಬ ಪ್ರಶ್ನೆ ಎದುರಾಯಿತು. ಮಿಸಿಸಿಪಿಯಲ್ಲಿ ಮತದಾನದ ವಯಸ್ಸಿನ ಕಪ್ಪು ಜನರ ಪೈಕಿ ಪಟ್ಟಿಯಲ್ಲಿದ್ದವರು ಶೇ 7ರಷ್ಟೂ ಇರಲಿಲ್ಲ. 1965ರ ಮತದಾನ ಹಕ್ಕು ಕಾಯ್ದೆ ಆ ಪರೀಕ್ಷೆಗೆ ತಡೆ ಹಾಕಿತು. ಎರಡು ವರ್ಷಗಳಲ್ಲಿ ಪ್ರಮಾಣ ಶೇ 60ರ ಹತ್ತಿರ ಬಂತು. ಅಷ್ಟರಲ್ಲಿ ಆ ಜನರ ತಿಳಿವಳಿಕೆ ಎಂಟು ಪಟ್ಟು ಹೆಚ್ಚಿತೆಂದು ಯಾರಾದರೂ ಹೇಳಬಲ್ಲರೇ?

ನಮ್ಮಲ್ಲೂ ಯೋಗ್ಯತೆ ಅಳೆಯುವ ಕಾಲವಿತ್ತು. 1935ರ ಕಾಯ್ದೆಯಡಿ ಆಸ್ತಿ, ತೆರಿಗೆ, ಓದು ಇದ್ದವರಿಗಷ್ಟೇ ಮತ. ಅದಕ್ಕೂ ಮೊದಲೇ, ಸೈಮನ್ ಆಯೋಗದ ನೆರವಿಗೆ ರಚನೆಯಾಗಿದ್ದ ಮುಂಬೈ ಪ್ರಾಂತ್ಯ ಸಮಿತಿಯ ಸದಸ್ಯರಾಗಿ 1929ರಲ್ಲಿ ಸಲ್ಲಿಸಿದ ಪ್ರತ್ಯೇಕ ವರದಿಯಲ್ಲಿ ಅಂಬೇಡ್ಕರ್ ವಯಸ್ಕ ಮತಾಧಿಕಾರ ಕೇಳಿದ್ದರು. ಅಕ್ಷರ ಬಾರದವನಿಗೆ ಬುದ್ಧಿಯಿಲ್ಲ ಎನ್ನುವುದು ಒಂದು ತಪ್ಪು, ಅಕ್ಷರ ಬಂದವನಿಗೆ ಹೆಚ್ಚು ತಿಳಿವಳಿಕೆ ಇದ್ದೇ ಇರುತ್ತದೆ ಎನ್ನುವುದು ಇನ್ನೊಂದು ತಪ್ಪು ಎಂಬುದು ಅವರ ವಾದ. ಅದಕ್ಕಿಂತ ಸ್ಪಷ್ಟವಾಗಿ ಈ ವಿಷಯವನ್ನು ಹೇಳಿದವರನ್ನು ನಾನು ಓದಿಲ್ಲ.

ಸಾಕ್ಷರತೆ ಇನ್ನೂ ಶೇ 18ರ ಆಸುಪಾಸಿನಲ್ಲಿದ್ದ ದೇಶ 1951–52ರಲ್ಲಿ 17 ಕೋಟಿಗೂ ಹೆಚ್ಚು ಮತದಾರರೊಂದಿಗೆ ಚುನಾವಣೆ ನಡೆಸಿತು. ಓದು ಬಾರದವರಿಗೆ ತೊಡಕಾಗಬಾರದೆಂದು ಒಬ್ಬೊಬ್ಬ ಅಭ್ಯರ್ಥಿಗೂ ಒಂದೊಂದು ಪೆಟ್ಟಿಗೆ ಇಟ್ಟು, ಅದರ ಮೇಲೆ ಚಿಹ್ನೆ ಅಂಟಿಸಿದ್ದರು. ಗುರುತು ಒತ್ತುವ ಗೋಜಿಲ್ಲ, ಚೀಟಿಯನ್ನು ಬೇಕಾದ ಪೆಟ್ಟಿಗೆಗೆ ಹಾಕಿದರಾಯಿತು. ಜನರ ಮಟ್ಟಕ್ಕೆ ತಕ್ಕಂತೆ ವ್ಯವಸ್ಥೆ ಬಾಗಿತು. ಎಲ್ಲ ಕಡೆಯೂ ಬಾಗಲಿಲ್ಲ ಎನ್ನುವುದನ್ನೂ ಹೇಳಬೇಕು. ಸ್ವಂತ ಹೆಸರು ಕೊಡದೆ ಇಂಥವರ ತಾಯಿ, ಇಂಥವರ ಹೆಂಡತಿ ಎಂದು ಬರೆಸಿದ ಸುಮಾರು 28 ಲಕ್ಷ ಮಹಿಳೆಯರು ಪಟ್ಟಿಯಿಂದ ಹೊರಗುಳಿದರು. ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಸ್ವಂತ ಹೆಸರು ಬೇಕೇ ಬೇಕೆಂದು ಬಿಗಿಯಾಗಿ ನಿಂತರು. ಅವರ ತತ್ವ ನನಗೆ ಅರ್ಥವಾಗುತ್ತದೆ, ಆ ಮಹಿಳೆಯರ ನಷ್ಟವನ್ನು ಮರೆಯಲೂ ಆಗುವುದಿಲ್ಲ.

ಇನ್ನು ಓದಿದವರಿಗೆ ಮತದ ಬಗ್ಗೆ ಕಾಳಜಿ ಎಷ್ಟೆಂದು ನೋಡೋಣ. 2024ರ ಲೋಕಸಭಾ ಚುನಾವಣೆಯಲ್ಲಿ ಬೆಂಗಳೂರು ನಗರದ ಉತ್ತರ, ಕೇಂದ್ರ, ದಕ್ಷಿಣ ಕ್ಷೇತ್ರಗಳಲ್ಲಿ ಮತದಾನ ಶೇ 55 ದಾಟಲಿಲ್ಲ. ಮಂಡ್ಯದಲ್ಲಿ ಶೇ 81 ದಾಟಿತು.

ಆದರೂ ಅರ್ಹತೆಯ ಮಾತು ಬೇರೆ ಬಾಗಿಲಿನಿಂದ ಒಳಬರುತ್ತಲೇ ಇದೆ. ಹರಿಯಾಣ 2015ರಲ್ಲಿ ಪಂಚಾಯಿತಿ ಚುನಾವಣೆಗೆ ನಿಲ್ಲುವವರು ಹತ್ತನೇ ತರಗತಿ ಪಾಸಾಗಿರಬೇಕು, ಮನೆಯಲ್ಲಿ ಶೌಚಾಲಯ ಇರಬೇಕು, ಕರೆಂಟ್ ಬಿಲ್ ಬಾಕಿ ಇರಬಾರದು ಎಂದಿತು. ಓದಿನ ಷರತ್ತನ್ನು ಮಹಿಳೆಯರಿಗೆ, ದಲಿತರಿಗೆ ಸ್ವಲ್ಪ ಸಡಿಲಿಸಿತು. ರಾಜಬಾಲಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು. ಈ ತೀರ್ಪನ್ನು ನಾನು ಒಪ್ಪಲಾರೆ. ಒಂದು ಕಾಲಕ್ಕೆ ಊರಿಗೆ ಶಾಲೆ ಕೊಡದಿದ್ದ ಸರ್ಕಾರವೇ ಇಂದು ಅಲ್ಲಿನ ಅಜ್ಜಿಯ ಮಾರ್ಕ್ಸ್‌ಕಾರ್ಡ್ ಕೇಳುವುದು ಅನ್ಯಾಯ.

ಕೊನೆಯದಾಗಿ, ಯಾರೂ ಪರೀಕ್ಷೆ ಎಂದು ಕರೆಯದ ಒಂದು ಪರೀಕ್ಷೆ. 1951ರ ಪ್ರಜಾಪ್ರತಿನಿಧಿ ಕಾಯ್ದೆಯ ಸೆಕ್ಷನ್ 62(5)ರ ಪ್ರಕಾರ ಜೈಲಿನಲ್ಲಿರುವವರು ಮತ ಹಾಕುವಂತಿಲ್ಲ. ನಮ್ಮ ಜೈಲುಗಳಲ್ಲಿರುವ ಪ್ರತಿ ನಾಲ್ವರಲ್ಲಿ ಸುಮಾರು ಮೂವರು ವಿಚಾರಣಾಧೀನರು, ಅಪರಾಧ ಇನ್ನೂ ಸಾಬೀತಾಗದವರು. ಅದೇ ಆರೋಪ ಹೊತ್ತು ಜಾಮೀನು ಪಡೆದವನು ಮತಗಟ್ಟೆಗೆ ನಡೆದು ಹೋಗಬಹುದು. ಶ್ಯೂರಿಟಿ ಕೊಡುವವರಿಲ್ಲದ ಕೂಲಿಯವನು ಒಳಗೇ ಉಳಿಯುತ್ತಾನೆ. 2013ರ ತಿದ್ದುಪಡಿಯ ನಂತರ ಜೈಲಿನಿಂದಲೇ ಚುನಾವಣೆಗೆ ಸ್ಪರ್ಧಿಸಬಹುದು, ಮತ ಹಾಕುವಂತಿಲ್ಲ. ಆಸ್ತಿಯ ಅರ್ಹತೆ ಸಂವಿಧಾನ ಬಂದಾಗ ಹೋಯಿತು, ಜಾಮೀನಿನ ರೂಪದಲ್ಲಿ ಉಳಿದಿದೆ.

ನಾಳೆ ಮಧ್ಯಾಹ್ನದ ಗೋಷ್ಠಿಯನ್ನು ಇದೇ ಸೆಕ್ಷನ್‌ಗೆ ಮೀಸಲಿಟ್ಟಿದ್ದೇವೆ. ಪ್ರಬಂಧ ಮಂಡಿಸಿ ಚಪ್ಪಾಳೆ ತಟ್ಟಿ ಏಳುವುದು ಬೇಡ. ಮುಂಜಾಗ್ರತಾ ಬಂಧನದಲ್ಲಿರುವವರಿಗೆ ಈ ಕಾಯ್ದೆಯೇ ವಿನಾಯಿತಿ ಕೊಟ್ಟಿದೆ. ಅದನ್ನು ವಿಚಾರಣಾಧೀನರಿಗೂ ವಿಸ್ತರಿಸುವ ತಿದ್ದುಪಡಿಯ ಕರಡನ್ನು ಕಾನೂನು ವಿದ್ಯಾರ್ಥಿಗಳು ಸಿದ್ಧಪಡಿಸಲಿ, ಜೈಲಿನೊಳಗೆ ಮತದಾನ ಹೇಗೆ ನಡೆಸಬೇಕೆಂಬುದನ್ನು ರಾಜ್ಯಶಾಸ್ತ್ರದವರು ಬರೆಯಲಿ. ಗೋಷ್ಠಿ ಮುಗಿಯುವ ಹೊತ್ತಿಗೆ ಎರಡೂ ನಮ್ಮ ಕೈಯಲ್ಲಿರಬೇಕು.