ಸ್ವಾಧ್ಯಾಯಕ್ಕೆ ಮೊಬೈಲಿನ ನೆರವು
(ಪಂಚಕಲ್ಯಾಣ ಪ್ರತಿಷ್ಠಾ ಮಹೋತ್ಸವದ ಧರ್ಮಸಭೆಯಲ್ಲಿ ಮಾಡಿದ ಭಾಷಣ)



ನಮ್ಮ ನಿಪ್ಪಾಣಿ ಸೀಮೆಯ ಭೋಜ ಗ್ರಾಮದ ಆಚಾರ್ಯ ಶ್ರೀ ಶಾಂತಿಸಾಗರ ಮಹಾರಾಜರು 1955ರಲ್ಲಿ ಕುಂಥಲಗಿರಿಯಲ್ಲಿ ಸಲ್ಲೇಖನ ವ್ರತದಲ್ಲಿದ್ದಾಗ ಮರಾಠಿಯಲ್ಲಿ ನೀಡಿದ ಅಂತಿಮ ಉಪದೇಶವನ್ನು ಧ್ವನಿಮುದ್ರಣ ಮಾಡಲಾಯಿತು. ಆ ಪುಣ್ಯವಾಣಿಯನ್ನು ಇಂದು ಅಥಣಿಯ ರೈತನೂ ರಾಯಬಾಗದ ಗೃಹಿಣಿಯೂ ಮೊಬೈಲಿನಲ್ಲಿ ಕೇಳಬಹುದು. ಯಂತ್ರವು ಧರ್ಮಕ್ಕೆ ವೈರಿಯಲ್ಲವೆಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ಆದರೆ ಕೇಳಿದ ಮಾತ್ರಕ್ಕೆ ಕಲಿತಂತಾಗದು. ತತ್ತ್ವಾರ್ಥಸೂತ್ರವು ಸ್ವಾಧ್ಯಾಯಕ್ಕೆ ವಾಚನಾ, ಪೃಚ್ಛನಾ, ಅನುಪ್ರೇಕ್ಷಾ, ಆಮ್ನಾಯ, ಧರ್ಮೋಪದೇಶವೆಂಬ ಐದು ಭೇದಗಳನ್ನು ಹೇಳಿದೆ. ಮೊಬೈಲು ವಾಚನೆಯನ್ನೂ ಧರ್ಮೋಪದೇಶವನ್ನೂ ಮನೆಗೆ ತರಬಲ್ಲದು. ಶುದ್ಧೋಚ್ಚಾರದ ಆಮ್ನಾಯಕ್ಕೂ ನೆರವಾದೀತು. ಸಂಶಯ ಕೇಳುವ ಪೃಚ್ಛನೆಗೆ ಗುರುಗಳು ಎದುರಿಗಿರಬೇಕು. ಅನುಪ್ರೇಕ್ಷೆಗೆ ಏಕಾಗ್ರ ಮನಸ್ಸು ಬೇಕು. ಅದನ್ನು ಕ್ಷಣಕ್ಷಣಕ್ಕೂ ಕದಿಯುವುದೂ ಇದೇ ಮೊಬೈಲು!

ಚಿಕ್ಕೋಡಿ, ಕಾಗವಾಡ ಭಾಗದ ನಮ್ಮ ಮಕ್ಕಳು ಕನ್ನಡ, ಮರಾಠಿ, ಇಂಗ್ಲಿಷ್ ಮಾಧ್ಯಮಗಳಲ್ಲಿ ಹಂಚಿಹೋಗಿದ್ದಾರೆ. ಒಂದೇ ಸೂತ್ರವನ್ನು ಮೂರು ಲಿಪಿಗಳಲ್ಲಿ ತೋರಿಸಲು ಪಾಠಶಾಲೆಗೆ ಒಂದು ಟ್ಯಾಬ್ಲೆಟ್ ಸಾಕು. ಅದು ಪಂಡಿತರ ಕೈಯಲ್ಲಿರಲಿ. ಪಾಠ ಮುಗಿದೊಡನೆ ಅದನ್ನು ಬದಿಗಿರಿಸಿ ಮಕ್ಕಳಿಂದ ಪ್ರಶ್ನೆ ಕೇಳಿಸಲಿ. ಸಾಮಾಯಿಕದ 48 ನಿಮಿಷ ಮೊಬೈಲು ಕೋಣೆಯ ಹೊರಗಿರಲಿ.

ಬಸದಿಯಲ್ಲಿ ಜಿನಬಿಂಬದ ಪ್ರತಿಷ್ಠೆಯಾಯಿತು. ಮಕ್ಕಳ ಹೃದಯದಲ್ಲಿ ಜಿನವಾಣಿಯ ಪ್ರತಿಷ್ಠೆ ಇನ್ನೂ ಆಗಬೇಕಾಗಿದೆ. ಅದಕ್ಕೆ ಎಲ್ಲರೂ ಕಂಕಣಬದ್ಧರಾಗೋಣ.

ಜೈ ಜಿನೇಂದ್ರ.