1956: ನಾವು ಒಂದಾದ ವರ್ಷ ಜಗತ್ತು ಏನು ಮಾಡುತ್ತಿತ್ತು?

(ಉಪನ್ಯಾಸವೊಂದರ ಬರಹ ರೂಪ)



1956 ಎಂದೊಡನೆ ಕನ್ನಡಿಗರಾದ ನಮಗೆ ನೆನಪಾಗುವ ತಾರೀಖು ಒಂದೇ, ನವೆಂಬರ್ 1. ಅಂದು ಬೆಂಗಳೂರಿನಲ್ಲಿ ರಾಷ್ಟ್ರಪತಿ ಬಾಬು ರಾಜೇಂದ್ರ ಪ್ರಸಾದರು ವಿಶಾಲ ಮೈಸೂರು ರಾಜ್ಯವನ್ನು ಉದ್ಘಾಟಿಸಿದರು. ಎಸ್. ನಿಜಲಿಂಗಪ್ಪನವರು ಮುಖ್ಯಮಂತ್ರಿಯಾದರು, ಜಯಚಾಮರಾಜೇಂದ್ರ ಒಡೆಯರು ರಾಜ್ಯಪಾಲರಾದರು. ಇದು ಶಾಲೆಯ ಮಕ್ಕಳಿಗೂ ಗೊತ್ತು. ಆದರೆ ಅದೇ ದಿನ ಭೂಮಿಯ ಬೇರೆ ಭಾಗಗಳಲ್ಲಿ ಏನಾಗುತ್ತಿತ್ತು ಎಂದು ನಾವು ಕೇಳಿಕೊಳ್ಳುವುದು ಅಪರೂಪ. ಇಂದು ಆ ಪ್ರಶ್ನೆಯನ್ನೇ ಹಿಡಿದು ಹೊರಟಿದ್ದೇನೆ.

ಹಿಂದಿನ ರಾತ್ರಿಯಿಂದ ಬ್ರಿಟಿಷ್ ಮತ್ತು ಫ್ರೆಂಚ್ ವಿಮಾನಗಳು ಈಜಿಪ್ಟಿನ ಮೇಲೆ ಬಾಂಬು ಸುರಿಸುತ್ತಿದ್ದವು. ಹಂಗೆರಿಯ ಪ್ರಧಾನಿ ಇಮ್ರೆ ನಾಜ್ ತಮ್ಮ ದೇಶ ವಾರ್ಸಾ ಒಪ್ಪಂದದಿಂದ ಹೊರಬಂದಿದೆ, ಇನ್ನು ಮುಂದೆ ತಟಸ್ಥವಾಗಿರುತ್ತದೆ ಎಂದು ಸಾರಿ ವಿಶ್ವಸಂಸ್ಥೆಯ ಮೊರೆ ಹೊಕ್ಕರು. ನ್ಯೂಯಾರ್ಕಿನಲ್ಲಿ ವಿಶ್ವಸಂಸ್ಥೆಯ ಸಾಮಾನ್ಯ ಸಭೆ ತನ್ನ ಇತಿಹಾಸದ ಮೊಟ್ಟಮೊದಲ ತುರ್ತು ಅಧಿವೇಶನ ಸೇರಿತು. ಇವೆಲ್ಲ ನಡೆದದ್ದು ಆ ನವೆಂಬರ್ 1ರಂದೇ.

ಸೂಯೆಜ್ ಕತೆ ಜುಲೈ 26ರಿಂದ ಆರಂಭವಾಗುತ್ತದೆ. ಅಂದು ಅಲೆಕ್ಸಾಂಡ್ರಿಯದ ಬಹಿರಂಗ ಸಭೆಯಲ್ಲಿ ಅಧ್ಯಕ್ಷ ನಾಸರ್ ಭಾಷಣ ಮಾಡುತ್ತಿದ್ದರು. ಮಾತಿನ ನಡುವೆ ಕಾಲುವೆ ತೋಡಿಸಿದ ಫ್ರೆಂಚ್ ಮಹಾಶಯ ಲೆಸೆಪ್ಸ್‌ನ ಹೆಸರು ಬಂದೊಡನೆ ಅವರ ಜನ ಕಾಲುವೆ ಕಂಪನಿಯ ಕಚೇರಿಗಳಿಗೆ ನುಗ್ಗಬೇಕೆಂಬುದು ಮೊದಲೇ ಗೊತ್ತುಮಾಡಿದ ಸಂಕೇತ. ಭಾಷಣ ಮುಗಿಯುವ ಹೊತ್ತಿಗೆ ಕಾಲುವೆ ಈಜಿಪ್ಟಿನದಾಗಿತ್ತು! ಕಂಪನಿಯ ಷೇರುಗಳು ಮುಖ್ಯವಾಗಿ ಬ್ರಿಟನ್ ಮತ್ತು ಫ್ರಾನ್ಸಿನ ಕೈಯಲ್ಲಿದ್ದವು. ಮೂರು ತಿಂಗಳ ಬಳಿಕ ಇಸ್ರೇಲನ್ನು ಮುಂದುಮಾಡಿಕೊಂಡು ಅವೆರಡೂ ಯುದ್ಧಕ್ಕಿಳಿದವು. ಅಮೆರಿಕ ಮುನಿಯಿತು, ಪೌಂಡಿನ ಬೆಲೆ ಅಲುಗಾಡಿತು, ನವೆಂಬರ್ 6ರಂದು ಕದನ ವಿರಾಮ. ಬ್ರಿಟಿಷ್ ಪ್ರಧಾನಿ ಈಡನ್ 1957ರ ಜನವರಿಯಲ್ಲಿ ಮನೆಗೆ ಹೋದರು. ಒಂಬತ್ತು ವರ್ಷಗಳ ಹಿಂದಷ್ಟೇ ನಮ್ಮನ್ನು ಆಳುತ್ತಿದ್ದವರ ಚಕ್ರಾಧಿಪತ್ಯದ ಗತ್ತು ಹದಿನೈದು ದಿನಗಳೊಳಗೆ ಇಳಿದುಹೋಯಿತು. ಅದೇ ವರ್ಷ ಮೇ ತಿಂಗಳಲ್ಲಿ ಲಂಡನ್ನಿನ ರಂಗಭೂಮಿಯ ಮೇಲೆ ಜಾನ್ ಆಸ್‌ಬರ್ನ್‌ನ 'ಲುಕ್ ಬ್ಯಾಕ್ ಇನ್ ಆಂಗರ್' ನಾಟಕ ಬಂದಿತ್ತು. ಅಲ್ಲಿನ ತರುಣರ ಸಿಟ್ಟು ಏತಕ್ಕೆಂದು ತಿಳಿಯದ ಹಿರಿಯರಿಗೆ ಸೂಯೆಜ್ ಒಂದಿಷ್ಟು ಉತ್ತರ ಕೊಟ್ಟಿರಬೇಕು.

ಹಂಗೆರಿಯದು ಇನ್ನೂ ನೋವಿನ ಕತೆ. ಫೆಬ್ರವರಿ 25ರಂದು ಮಾಸ್ಕೋದಲ್ಲಿ, ಮುಚ್ಚಿದ ಬಾಗಿಲ ಹಿಂದೆ, ಕ್ರುಶ್ಚೇವ್ ಸ್ಟಾಲಿನ್ನನ ಕ್ರೌರ್ಯಗಳನ್ನು ಬಿಚ್ಚಿಟ್ಟರು. ಹಿಂದಿನ ವರ್ಷವಷ್ಟೇ ಭಾರತ ಪ್ರವಾಸದಲ್ಲಿ ಬೆಂಗಳೂರಿಗೂ ಬಂದು ಹೋಗಿದ್ದ ಅದೇ ಕ್ರುಶ್ಚೇವ್. ಗುಟ್ಟಿನ ಭಾಷಣ ಗುಟ್ಟಾಗಿ ಉಳಿಯಲಿಲ್ಲ. ಅಕ್ಟೋಬರ್ 23ರಂದು ಬುಡಾಪೆಸ್ಟಿನ ವಿದ್ಯಾರ್ಥಿಗಳು ಬೀದಿಗಿಳಿದರು. ನವೆಂಬರ್ 4ರ ನಸುಕಿನಲ್ಲಿ ಸೋವಿಯತ್ ಟ್ಯಾಂಕುಗಳು ನಗರಕ್ಕೆ ನುಗ್ಗಿದವು. ನಾಜ್ ಅವರನ್ನು 1958ರ ಜೂನ್ 16ರಂದು ಗಲ್ಲಿಗೇರಿಸಲಾಯಿತು.

ಇಲ್ಲಿ ಒಂದು ಕ್ಷಣ ನಿಲ್ಲಬೇಕು, ಏಕೆಂದರೆ ನಮ್ಮ ದೇಶದ ಪಾತ್ರವೂ ಇದೆ. ಈಜಿಪ್ಟಿನ ಮೇಲಿನ ದಾಳಿಯನ್ನು ನೆಹರೂ ಕೂಡಲೇ, ಖಡಾಖಂಡಿತವಾಗಿ ಖಂಡಿಸಿದರು. ಹಂಗೆರಿಯ ವಿಷಯದಲ್ಲಿ ಅದೇ ದನಿ ತಡವರಿಸಿತು. ನವೆಂಬರ್ 4ರ ಮತದಾನದಲ್ಲಿ ಭಾರತ ತಟಸ್ಥವಾಗಿ ಉಳಿಯಿತು. 9ರಂದು, ಸೋವಿಯತ್ ಸೇನೆ ಹೊರಡಬೇಕು, ವಿಶ್ವಸಂಸ್ಥೆಯ ಮೇಲ್ವಿಚಾರಣೆಯಲ್ಲಿ ಹಂಗೆರಿಯಲ್ಲಿ ಚುನಾವಣೆ ನಡೆಯಬೇಕು ಎಂಬ ನಿರ್ಣಯದ ವಿರುದ್ಧವೇ ಕೃಷ್ಣ ಮೆನನ್ನರು ಮತ ಹಾಕಿದರು. ಕಮ್ಯುನಿಸ್ಟೇತರ ರಾಷ್ಟ್ರಗಳ ಪೈಕಿ ಹಾಗೆ ಮಾಡಿದ್ದು ಭಾರತ ಮಾತ್ರ. ಹೊರಗಿನವರ ಮೇಲ್ವಿಚಾರಣೆಯ ಚುನಾವಣೆ ಎಂಬ ಮೇಲ್ಪಂಕ್ತಿ ನಾಳೆ ಕಾಶ್ಮೀರಕ್ಕೂ ಅನ್ವಯಿಸೀತು ಎಂಬ ಅಂಜಿಕೆ ಇದರ ಹಿಂದಿತ್ತು ಎನ್ನುತ್ತಾರೆ. ಇರಬಹುದು. ಆದರೂ ಜಯಪ್ರಕಾಶ ನಾರಾಯಣರು ಬಹಿರಂಗವಾಗಿ ಎತ್ತಿದ ಆಕ್ಷೇಪ ನ್ಯಾಯವಾದದ್ದೇ. ಬಲಿಷ್ಠನು ದುರ್ಬಲನ ಮೇಲೆ ಬೀಳುವುದು ನೈಲ್ ನದಿಯ ದಡದಲ್ಲಿ ತಪ್ಪಾದರೆ ಡಾನ್ಯೂಬ್ ದಡದಲ್ಲಿ ಸರಿಯಾಗುವುದು ಹೇಗೆ?

ಈ ಕತೆಗೆ ಇನ್ನೊಂದು ಮುಖವೂ ಉಂಟು. ಬುಡಾಪೆಸ್ಟಿನಲ್ಲಿದ್ದ ಭಾರತದ ರಾಜತಂತ್ರಜ್ಞ ಎಂ.ಎ. ರಹಮಾನ್ ಬಂಡಾಯಗಾರರ ಅಹವಾಲುಗಳನ್ನು ಕಿವಿಗೊಟ್ಟು ಕೇಳಿದರು. ಭಾರತ ಮಧ್ಯಸ್ಥಿಕೆ ವಹಿಸಲಿ ಎಂಬ ಆಸೆಯಿಂದ ಚಿಂತಕ ಇಷ್ಟ್ವಾನ್ ಬಿಬೊ ಬರೆದ ಟಿಪ್ಪಣಿಯನ್ನು ಅವರಿಗೆ ತಲುಪಿಸಿದವರು ಆರ್ಪಾದ್ ಗೊಂಟ್ಸ್ ಎಂಬ ಬರಹಗಾರ, ಅನುವಾದಕ. 1958ರಲ್ಲಿ ಇಬ್ಬರಿಗೂ ಜೀವಾವಧಿ ಶಿಕ್ಷೆಯಾಯಿತು. ಅದೇ ಗೊಂಟ್ಸ್ 1990ರಲ್ಲಿ ಸ್ವತಂತ್ರ ಹಂಗೆರಿಯ ರಾಷ್ಟ್ರಾಧ್ಯಕ್ಷರಾದರು. ದೆಹಲಿಯ ಸರ್ಕಾರ ಮಾಡದ್ದನ್ನು ಅದರ ಒಬ್ಬ ಅಧಿಕಾರಿ ತನ್ನ ಮಿತಿಯಲ್ಲಿ ಮಾಡಿದ್ದ ಎಂಬುದು ನನ್ನ ಮಟ್ಟಿಗೆ ಆ ವರ್ಷದ ಒಂದು ಸಮಾಧಾನ.

ಈಗ ನಮ್ಮ ಕಡೆ ಬರೋಣ. ಇಷ್ಟು ಗಡಿಗಳು ಬೆಂಕಿಯಲ್ಲಿದ್ದ ವಾರದಲ್ಲೇ ಭಾರತ ತನ್ನೊಳಗಿನ ಗಡಿಗಳನ್ನು ಹೆಚ್ಚು ಕಡಿಮೆ ಶಾಂತಿಯಿಂದ ಅಳಿಸಿ ಬರೆಯಿತು. ಮೈಸೂರು, ಮುಂಬಯಿ, ಹೈದರಾಬಾದು, ಮದರಾಸು, ಕೊಡಗು ಎಂದು ಐದು ಆಡಳಿತಗಳಲ್ಲಿ ಹಂಚಿಹೋಗಿದ್ದ ಕನ್ನಡಿಗರು 19 ಜಿಲ್ಲೆಗಳ ಒಂದು ರಾಜ್ಯಕ್ಕೆ ಸೇರಿದರು. ಬೀದರಿನವನಿಗೆ ಕಚೇರಿಯ ಉರ್ದು, ಬೆಳಗಾವಿಯವನಿಗೆ ಮರಾಠಿ, ಮಂಗಳೂರಿನವನಿಗೆ ದೂರದ ಮದರಾಸು. ಇವೆಲ್ಲ ಒಂದೇ ದಿನದಲ್ಲಿ ಹೋಗಲಿಲ್ಲ, ಆದರೆ ಹೋಗುವ ದಾರಿ ತೆರೆಯಿತು. ಕಾಸರಗೋಡು ಮಾತ್ರ ಕೇರಳದ ಪಾಲಾಯಿತು. ಆ ನೋವು ಅಲ್ಲಿಯ ಕನ್ನಡಿಗರ ಮಾತಿನಲ್ಲಿ ಇನ್ನೂ ಕೇಳುತ್ತದೆ.

ಹಳೆ ಮೈಸೂರಿನಲ್ಲಿ ಏಕೀಕರಣಕ್ಕೆ ಎಲ್ಲರೂ ಹೂಮಾಲೆ ಹಿಡಿದು ನಿಂತಿರಲಿಲ್ಲ ಎಂಬುದನ್ನೂ ಹೇಳಬೇಕು. ಮುಂದುವರಿದ ನಮ್ಮ ರಾಜ್ಯಕ್ಕೆ ಹಿಂದುಳಿದ ಜಿಲ್ಲೆಗಳ ಹೊರೆ ಏಕೆ ಎಂದವರಿದ್ದರು, ಜಾತಿಯ ಲೆಕ್ಕ ಹಾಕಿದವರೂ ಇದ್ದರು. ಆ ವಿರೋಧವನ್ನು ಲೆಕ್ಕಿಸದೆ ಏಕೀಕರಣದ ಪರ ನಿಂತ ಕೆಂಗಲ್ ಹನುಮಂತಯ್ಯನವರು ಆಗಸ್ಟಿನಲ್ಲೇ ಮುಖ್ಯಮಂತ್ರಿ ಸ್ಥಾನ ಬಿಡಬೇಕಾಯಿತು. ಕೊನೆಯ ಎರಡೂವರೆ ತಿಂಗಳು ಕಡಿದಾಳ್ ಮಂಜಪ್ಪನವರದು. ವಿಧಾನಸೌಧ ಪೂರ್ಣಗೊಂಡದ್ದೂ 1956ರಲ್ಲೇ. ಕಟ್ಟಿಸಿದವರಿಗೆ ಅಲ್ಲಿ ಕುಳಿತು ರಾಜ್ಯವಾಳುವ ಯೋಗವಿರಲಿಲ್ಲ.

ಸಂಸ್ಕೃತಿಯ ಕಡೆಯೂ ಇಣುಕೋಣ. ಆ ವರ್ಷದ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ರಂ.ಶ್ರೀ. ಮುಗಳಿಯವರ 'ಕನ್ನಡ ಸಾಹಿತ್ಯ ಚರಿತ್ರೆ'ಗೆ ಬಂತು. ನಾಡು ಒಂದಾದ ವರ್ಷ ಆ ನಾಡಿನ ನುಡಿಯ ಚರಿತ್ರೆಗೆ ಮನ್ನಣೆ! ಯೋಜಿಸಿ ಮಾಡಿದ್ದರೂ ಇಷ್ಟು ಚೆನ್ನಾಗಿ ಹೊಂದುತ್ತಿರಲಿಲ್ಲ. ತೆರೆಯ ಮೇಲೆ 'ಓಹಿಲೇಶ್ವರ' ಬಂತು. ರಾಜಕುಮಾರ್ ಅದರಲ್ಲಿ ನಟಿಸಿದ್ದಲ್ಲದೆ ಹಾಡಿಯೂ ಇದ್ದರು. ಕಾನ್ ಚಿತ್ರೋತ್ಸವದಲ್ಲಿ ಸತ್ಯಜಿತ್ ರಾಯ್ ಅವರ 'ಪಥೇರ್ ಪಾಂಚಾಲಿ'ಗೆ ಶ್ರೇಷ್ಠ ಮಾನವೀಯ ದಾಖಲೆ ಎಂಬ ಪುರಸ್ಕಾರ ದೊರೆಯಿತು.

ವರ್ಷದ ಕೊನೆಗೆ ಜಗತ್ತಿನ ಜಗಳಗಳೆಲ್ಲ ಮೆಲ್ಬೋರ್ನ್ ಒಲಿಂಪಿಕ್ಸಿಗೆ ಬಂದು ಸೇರಿದವು. ಸೂಯೆಜ್ ಕಾರಣಕ್ಕೆ ಈಜಿಪ್ಟ್, ಇರಾಕ್, ಲೆಬನಾನ್ ಬರಲಿಲ್ಲ. ಹಂಗೆರಿಯ ಕಾರಣಕ್ಕೆ ಹಾಲೆಂಡ್, ಸ್ಪೇನ್, ಸ್ವಿಟ್ಜರ್ಲೆಂಡ್ ಬರಲಿಲ್ಲ. ನಮ್ಮ ಫುಟ್‌ಬಾಲ್ ತಂಡ, ಅದರಲ್ಲಿ ಬೆಂಗಳೂರಿನ ಕೆಂಪಯ್ಯ ಕೂಡ ಇದ್ದರು, ಆಸ್ಟ್ರೇಲಿಯವನ್ನು ಅವರ ನೆಲದಲ್ಲೇ 4-2ರಿಂದ ಸೋಲಿಸಿ ಸೆಮಿಫೈನಲ್ ತಲುಪಿತು, ನಾಲ್ಕನೆಯ ಸ್ಥಾನ ಪಡೆಯಿತು. ನೆವಿಲ್ ಡಿಸೋಜ ಆ ಪಂದ್ಯದಲ್ಲಿ ಹ್ಯಾಟ್ರಿಕ್ ಗಳಿಸಿದರು. ಇಂದು ಇದನ್ನು ಹೇಳಿದರೆ ಹುಡುಗರು ನಂಬುವುದಿಲ್ಲ.

ಡಿಸೆಂಬರ್ 6ರಂದು ಹಂಗೆರಿ ಮತ್ತು ರಷ್ಯ ವಾಟರ್ ಪೋಲೊ ಕೊಳದಲ್ಲಿ ಎದುರಾದವು. ಹಂಗೆರಿಯ ಜಾಡೋರ್‌ನ ಕಣ್ಣಿನ ಬಳಿ ಪೆಟ್ಟು ಬಿದ್ದು ರಕ್ತ ಸುರಿಯಿತು, ಪ್ರೇಕ್ಷಕರು ರೊಚ್ಚಿಗೆದ್ದರು, 4-0 ಮುನ್ನಡೆಯಲ್ಲಿ ಹಂಗೆರಿಯನ್ನು ವಿಜಯಿಯೆಂದು ಸಾರಿ ಪಂದ್ಯ ನಿಲ್ಲಿಸಬೇಕಾಯಿತು. ಅಂದೇ ಹಾಕಿ ಫೈನಲಿನಲ್ಲಿ ಭಾರತ ಪಾಕಿಸ್ತಾನವನ್ನು 1-0ಯಿಂದ ಸೋಲಿಸಿತು. ಇಡೀ ಕೂಟದಲ್ಲಿ 38 ಗೋಲು ಹೊಡೆದ ನಮ್ಮವರು ಒಂದನ್ನೂ ಬಿಟ್ಟುಕೊಟ್ಟಿರಲಿಲ್ಲ.

ಆದರೆ ಆ ದಿನ ಭಾರತಕ್ಕೆ ಹಬ್ಬವಾಗಲಿಲ್ಲ. ಅಂದೇ ದೆಹಲಿಯಲ್ಲಿ ಡಾ. ಅಂಬೇಡ್ಕರ್ ತೀರಿಕೊಂಡಿದ್ದರು. ಬುದ್ಧನ 2500ನೆಯ ಜಯಂತಿಯ ಆ ವರ್ಷ, ವಿಜಯದಶಮಿಯ ದಿನವಾದ ಅಕ್ಟೋಬರ್ 14ರಂದು, ನಾಗಪುರದಲ್ಲಿ ಅವರು ಬೌದ್ಧ ಧರ್ಮ ಸ್ವೀಕರಿಸಿದ್ದರು. ಬಳಿಕ ಲಕ್ಷಾಂತರ ಜನರಿಗೆ ತಾವೇ ದೀಕ್ಷೆ ಕೊಟ್ಟಿದ್ದರು. ಅದಾಗಿ ಎರಡು ತಿಂಗಳೂ ತುಂಬಿರಲಿಲ್ಲ. ಡಿಸೆಂಬರ್ 7ರಂದು ಮುಂಬಯಿಯ ದಾದರ್ ಕಡಲ ತೀರದಲ್ಲಿ ಬೌದ್ಧ ವಿಧಿಯಂತೆ ಅಂತ್ಯಸಂಸ್ಕಾರ ನಡೆಯಿತು. ಅವರು ಬರೆದಿಟ್ಟಿದ್ದ 'ಬುದ್ಧ ಮತ್ತು ಆತನ ಧಮ್ಮ' ಅಚ್ಚಾಗಿ ಬಂದದ್ದು ಮರುವರ್ಷ.